ಮಲೆನಾಡಿನ ಬೆಕ್ಕು: ಹಗಲು ಹೊರಗೆ, ರಾತ್ರಿ ಒಳಗೆ

ಶಿವಮೊಗ್ಗ ಪೇಟೆಯಲ್ಲಿ, ರಸ್ತೆ ಬದಿಯ ಮನೆಯಾದರೆ ಯೋಚನೆಯೇ ಬೇಡ, ಬೆಕ್ಕನ್ನು ಒಳಗೇ ಸಾಕಿ. ವಾಹನ, ಬೀದಿನಾಯಿ ಎರಡೂ ಜಾಸ್ತಿ. ತೀರ್ಥಹಳ್ಳಿ ಕಡೆಯ ನಮ್ಮಂಥ ತೋಟದ ಮನೆಯಲ್ಲಿ ಅದು ಆಗದ ಮಾತು. ನಮ್ಮ ಚಿನ್ನಿಗೆ ಹೊರಗೆ ಹೋಗಲು ಹೆಂಚಿನ ಸಂದಿ ಸಾಕು. ಆದರೆ ಕತ್ತಲಾದ ಮೇಲೆ ಚಿರತೆ, ನಾಯಿ, ಹಾವಿನ ಭಯ. ಹಾಗಾಗಿ ರಾತ್ರಿ ಕಡ್ಡಾಯವಾಗಿ ಒಳಗೆ.

ಅದಕ್ಕೆ ಊಟವೇ ದಾರಿ. ಬೆಳಗ್ಗೆ ಸ್ವಲ್ಪವೇ ಹಾಕಿ. ಮುಳ್ಳು ತೆಗೆದ ಮೀನು ಕಲಸಿದ ಅನ್ನವನ್ನು ಮುಸ್ಸಂಜೆಗೆ ಅಡುಗೆಮನೆಯಲ್ಲೇ ಕೊಡಿ. ದಿನಾ ಅದೇ ಹೊತ್ತಿಗೆ ತಟ್ಟೆ ಬಡಿದು ಕರೆಯಿರಿ. ತಿನ್ನುವಾಗಲೇ ಬಾಗಿಲು ಹಾಕಿ, ಅಟ್ಟದ ಕಿಂಡಿಗೆ ಜಾಲರಿ ಬಿಗಿಯಿರಿ. ಮೂಲೆಯಲ್ಲಿ ಮರಳು ತುಂಬಿದ ಹಳೇ ಬಾಂಡ್ಲಿ ಇರಲಿ. ಮೊದಮೊದಲು ಕೂಗಿ ಕೂಗಿ ತಲೆ ತಿನ್ನುತ್ತದೆ. ಕರಗಿ ಬಾಗಿಲು ತೆಗೆದಿರೋ, ನಾಳೆ ಇನ್ನೂ ಜೋರು!

ಹೊರಗೆ ಬಿಡುವ ಮೊದಲು ರೇಬಿಸ್ ಚುಚ್ಚುಮದ್ದು, ಸಂತಾನಹರಣ ಚಿಕಿತ್ಸೆ ಆಗಿರಲಿ. ಗಂಡಿಗೂ ಮಾಡಿಸಿ, ಅಲೆದಾಟ, ಕಾದಾಟ ಕಡಿಮೆಯಾಗುತ್ತದೆ.

ಸಂಜೆ ಕಿವಿ, ಕುತ್ತಿಗೆಯಲ್ಲಿ ಉಣುಗು ಇದೆಯಾ ನೋಡಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಹರಡುವುದು ಉಣುಗಿನಿಂದಲೇ ಅಲ್ವಾ? ಬರಿಗೈಯಲ್ಲಿ ಕೀಳಬೇಡಿ. ಚಿಮಟದಿಂದ ಬುಡದಲ್ಲಿ ಹಿಡಿದು ನೇರವಾಗಿ ಎಳೆಯಿರಿ. ನಾಯಿಗೆ ಹಾಕುವ ಪರ್ಮೆಥ್ರಿನ್ ಔಷಧಿ ಬೆಕ್ಕಿನ ಪ್ರಾಣ ತೆಗೆಯಬಹುದು, ಮುಟ್ಟಿಸಲೇಬೇಡಿ.

ಪಕ್ಕದ ತೋಟದವರು ಇಲಿಪಾಷಾಣ ಇಡುತ್ತಾರಾ ಕೇಳಿಕೊಳ್ಳಿ. ಅದನ್ನು ತಿಂದ ಇಲಿಯನ್ನು ಬೆಕ್ಕು ತಿಂದರೆ ಬೆಕ್ಕಿಗೂ ವಿಷ ಏರುತ್ತದೆ. ಇಟ್ಟಿದ್ದಾರೆ ಅಂದ್ರೆ ಕೆಲವು ವಾರ ಹಗಲೂ ಒಳಗೇ ಇರಲಿ.