ವ್ಯಾಕ್ ಡ್ರೆಸಿಂಗ್: ಸೋರದಂತೆ ಕೂರಿಸುವುದು ಹೇಗೆ

ಗಾಯದೊಳಗೆ ಫೋಮ್ ಇಟ್ಟು, ಮೇಲೆ ಪಾರದರ್ಶಕ ಹಾಳೆ ಅಂಟಿಸಿ, ಪಂಪ್‌ನಿಂದ ಗಾಳಿ ಎಳೆಯುವುದೇ ನೆಗೆಟಿವ್ ಪ್ರೆಶರ್ ಚಿಕಿತ್ಸೆ. ವಾರ್ಡ್‌ಗಳಲ್ಲಿ ಇದನ್ನು ವ್ಯಾಕ್ ಎನ್ನುತ್ತಾರೆ. ಎಳೆತಕ್ಕೆ ಫೋಮ್ ಕುಗ್ಗಿ ಗಾಯದ ಅಂಚುಗಳನ್ನು ಒಳಕ್ಕೆ ತರುತ್ತದೆ. ಒಸರುವ ದ್ರವ ಹೊರಹೋಗಿ ಊತ ಇಳಿಯುತ್ತದೆ, ಸಣ್ಣ ರಕ್ತನಾಳಗಳ ಮೇಲಿದ್ದ ಒತ್ತಡ ತಗ್ಗುತ್ತದೆ. ಸಾಮಾನ್ಯವಾಗಿ ಬಳಸುವ ಕಪ್ಪು ಫೋಮ್‌ನ ರಂಧ್ರಗಳು 400ರಿಂದ 600 ಮೈಕ್ರಾನ್ ಅಗಲ. ಗಾಯದ ತಳ ಅವುಗಳೊಳಕ್ಕೆ ಚೂರುಚೂರೇ ಹಿಗ್ಗಿದಾಗ ಜೀವಕೋಶಗಳು ಚುರುಕಾಗಿ ವಿಭಜನೆಗೊಂಡು ಕೆಂಪನೆಯ, ಹರಳುಹರಳಾದ ಗ್ರ್ಯಾನ್ಯುಲೇಶನ್ ಅಂಗಾಂಶ ಬೆಳೆಯುತ್ತದೆ.

ಎಳೆತ ಜಾಸ್ತಿಯಾದಷ್ಟೂ ಒಳ್ಳೆಯದು ಎಂಬುದು ತಪ್ಪು. ಈ ಚಿಕಿತ್ಸೆಯನ್ನು ರೂಪಿಸಿದ ಮೋರಿಕ್ವಾಸ್ ಮತ್ತು ಆರ್ಜೆಂಟಾ ಅವರ ತಂಡ 1997ರಲ್ಲಿ ಪ್ರಕಟಿಸಿದ ಹಂದಿಗಳ ಪ್ರಯೋಗದಲ್ಲಿ, 125 ಮಿ.ಮೀ. ಪಾದರಸದ ಎಳೆತಕ್ಕೆ ರಕ್ತಚಲನೆ ಸುಮಾರು ನಾಲ್ಕು ಪಟ್ಟು ಏರಿತ್ತು. ಎಳೆತವನ್ನು 400ಕ್ಕೆ ಒಯ್ದಾಗ ಅದು ಕುಗ್ಗಿತು. ಕಪ್ಪು ಫೋಮ್‌ಗೆ ಇಂದಿಗೂ 125 ರೂಢಿಯ ಅಳತೆ. ನೋವು ತಡೆಯಲಾಗದವರಿಗೆ, ರಕ್ತಸಂಚಾರ ಕಮ್ಮಿಯಿರುವ ಕಾಲಿಗೆ ವೈದ್ಯರು ಇದನ್ನು ಇಳಿಸುತ್ತಾರೆ.

ಸತ್ತ ಅಂಗಾಂಶದ ಮೇಲೆ ವ್ಯಾಕ್ ಕಟ್ಟಿದರೆ ಕೊಳೆತದ್ದನ್ನು ಮುಚ್ಚಿಟ್ಟಂತೆ. ಮೊದಲು ಕತ್ತರಿಸಿ ತೆಗೆದು, ತಳ ಶುಚಿಯಾಗಬೇಕು, ರಕ್ತ ಪೂರ್ತಿ ನಿಂತಿರಬೇಕು. ಗಾಯದಲ್ಲಿ ಕ್ಯಾನ್ಸರ್ ಇದ್ದರೆ, ಮೂಳೆಯ ಸೋಂಕಿಗೆ ಚಿಕಿತ್ಸೆ ಆಗಿಲ್ಲದಿದ್ದರೆ, ರಕ್ತನಾಳ, ನರ ಅಥವಾ ಒಳಾಂಗ ತೆರೆದು ಕಾಣುತ್ತಿದ್ದರೆ ಫೋಮ್ ಇಡಲೇಬಾರದು. ರಕ್ತ ತೆಳುವಾಗಿಸುವ ಔಷಧ ತೆಗೆದುಕೊಳ್ಳುವವರ ಮೇಲೆ ವಿಶೇಷ ನಿಗಾ ಬೇಕು.

ಡ್ರೆಸಿಂಗ್ ಬದಲಿಸುವ ಅರ್ಧ ಗಂಟೆ ಮೊದಲೇ ನೋವಿನ ಔಷಧ ಕೊಡಿ. ಸಲೈನ್‌ನಿಂದ ತೊಳೆದ ಮೇಲೆ ಸುತ್ತಲಿನ ಚರ್ಮವನ್ನು ಪೂರ್ತಿ ಒಣಗಿಸಿ, ಚರ್ಮ ಕಾಯುವ ತೆಳು ಲೇಪ, ಅಂದರೆ ಬ್ಯಾರಿಯರ್ ಫಿಲ್ಮ್ ಹಚ್ಚಿ ಅದೂ ಆರುವವರೆಗೆ ಕಾಯಿರಿ. ಮುಂದೆ ಹಾಳೆ ಎದ್ದು ಬರುವುದು ಹೆಚ್ಚಾಗಿ ಈ ಒಂದು ನಿಮಿಷದ ಅವಸರದಿಂದಲೇ. ಫೋಮನ್ನು ಗಾಯದಿಂದ ದೂರ ಹಿಡಿದು ಕತ್ತರಿಸಿ, ಅಂಚು ಉಜ್ಜಿ ಸಡಿಲ ಚೂರುಗಳನ್ನು ಉದುರಿಸಿ. ಗಾಯದೊಳಗೆ ಹಗುರವಾಗಿ ಕೂರಿಸಿ, ತುರುಕಬೇಡಿ. ಆರೋಗ್ಯವಾಗಿರುವ ಚರ್ಮದ ಮೇಲೆ ಫೋಮ್ ನೇರವಾಗಿ ಕೂತರೆ ಚರ್ಮ ಮೆತ್ತಗಾಗಿ ಸುಲಿಯುತ್ತದೆ. ಗಾಯದೊಳಗಿನ ತುದಿ ಕಾಣದ ಸುರಂಗಕ್ಕೆ ಕಪ್ಪು ಫೋಮ್ ಹಾಕಿದರೆ ತುಣುಕು ಒಳಗೇ ಉಳಿಯಬಹುದು.

ಎಷ್ಟು ತುಂಡು ಇಟ್ಟಿರಿ ಎಂಬುದನ್ನು ಹಾಳೆಯ ಮೇಲೂ ಕೇಸ್ ಶೀಟ್‌ನಲ್ಲೂ ಬರೆಯಿರಿ. ಮುಂದಿನ ಬಾರಿ ತೆಗೆಯುವವರು ಬೇರೆಯವರಿರಬಹುದು. ಒಳಗೆ ಮರೆತುಹೋದ ಒಂದು ತುಂಡು ಸಾಕು, ಸೋಂಕು ಮತ್ತೆ ಮರುಕಳಿಸುತ್ತದೆ.

ಹಾಳೆ ಗಾಯದ ಅಂಚಿನಿಂದ 3ರಿಂದ 5 ಸೆಂ.ಮೀ. ಆಚೆಗೆ ಚಾಚಲಿ. ಅದನ್ನು ಎಳೆದು ಬಿಗಿಯಾಗಿ ಅಂಟಿಸಿದರೆ ಅಂಚಿನಲ್ಲಿ ಬೊಬ್ಬೆ ಏಳುತ್ತದೆ, ಸುಮ್ಮನೆ ಹಾಸಿ ಒತ್ತಿದರೆ ಸಾಕು. ನಡುವೆ ಸುಮಾರು 2.5 ಸೆಂ.ಮೀ. ತೂತು ಕತ್ತರಿಸಿ (ಬರೀ ಸೀಳು ಬಿಟ್ಟರೆ ಅದು ಮತ್ತೆ ಮುಚ್ಚಿಕೊಳ್ಳುತ್ತದೆ) ಟ್ಯೂಬ್‌ನ ಪ್ಯಾಡ್ ಅಂಟಿಸಿ. ಟ್ಯೂಬ್ ಮೂಳೆ ಎದ್ದಿರುವ ಕಡೆ ಹಾಯದಿರಲಿ.

ಪಂಪ್ ಶುರುವಾದೊಡನೆ ಫೋಮ್ ಮುದುಡಿದ ಕಾಗದದಂತೆ ಸುಕ್ಕುಗಟ್ಟಿ ಗಟ್ಟಿಯಾಗಬೇಕು. ಮೆತ್ತಗೇ ಉಳಿದರೆ ಗಾಳಿ ಸೋರುತ್ತಿದೆ ಎಂದರ್ಥ. ಕಿವಿಗೊಟ್ಟು, 'ಸ್ಸ್' ಸದ್ದಿನ ಜಾಡು ಹಿಡಿದು ಅಂಚಿನುದ್ದಕ್ಕೂ ಬೆರಳೊತ್ತುತ್ತ ಹೋಗಿ. ಸದ್ದು ನಿಂತ ಜಾಗದಲ್ಲೇ ಸೋರಿಕೆ, ಅಲ್ಲಿಗೆ ಹಾಳೆಯ ತೇಪೆ ಹಾಕಿ. ತೊಡೆಸಂದು, ಪೃಷ್ಠದ ಸೀಳು, ಬೆರಳ ಸಂದಿ ಸದಾ ತೊಂದರೆ ಕೊಡುವ ಜಾಗಗಳು. ಅಲ್ಲಿ ಹಾಳೆಗಿಂತ ಮೊದಲು ಹೈಡ್ರೋಕೊಲಾಯ್ಡ್ (ಚರ್ಮಕ್ಕೆ ಅಂಟುವ, ಜೆಲ್‌ನಂಥ ವಸ್ತು) ಪಟ್ಟಿ ಅಥವಾ ಪೇಸ್ಟ್ ಹಾಕಿ ತಗ್ಗು ತುಂಬಿಸಿ.

ಪಂಪ್ ದಿನಕ್ಕೆ ಒಟ್ಟು ಎರಡು ಗಂಟೆಗಿಂತ ಹೆಚ್ಚು ನಿಲ್ಲಬಾರದು. ನಿಂತರೆ, ಮುಚ್ಚಿದ ಹಾಳೆಯಡಿ ದ್ರವ ಮಡುಗಟ್ಟಿ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಆಗ ಆ ಫೋಮ್ ತೆಗೆದು ಹೊಸದನ್ನು ಕಟ್ಟಬೇಕು, ಅಥವಾ ತಾತ್ಕಾಲಿಕವಾಗಿ ಸಲೈನ್‌ನಲ್ಲಿ ನೆನೆಸಿದ ಗಾಜ್ ಬಟ್ಟೆ ಇಡಬೇಕು.

ಸಾಮಾನ್ಯವಾಗಿ 48ರಿಂದ 72 ಗಂಟೆಗೊಮ್ಮೆ ಬದಲಾವಣೆ, ಸೋಂಕಿದ್ದರೆ ಇನ್ನೂ ಬೇಗ. ತಡವಾದರೆ ಹೊಸ ಅಂಗಾಂಶ ಫೋಮ್‌ನೊಳಗೇ ಬೆಳೆದು, ಕೀಳುವಾಗ ರಕ್ತ ಬರುತ್ತದೆ, ಬೆಳೆದದ್ದೂ ಹರಿದುಹೋಗುತ್ತದೆ. ಅಂಟಿಕೊಂಡಿದ್ದರೆ ಪಂಪ್ ನಿಲ್ಲಿಸಿ, ಸಲೈನ್ ಬಿಟ್ಟು 15ರಿಂದ 30 ನಿಮಿಷ ನೆನೆಸಿ, ಆಮೇಲೆ ನಿಧಾನವಾಗಿ ಬಿಡಿಸಿ. ಮುಂದಿನ ಸಲ ಅಡಿಯಲ್ಲಿ ಅಂಟದ ಸಿಲಿಕೋನ್ ಜಾಲರಿ ಹಾಸಿ.

ಟ್ಯೂಬ್‌ನಲ್ಲಿ ಕಡುಗೆಂಪು ರಕ್ತ ದಿಢೀರನೆ ಹರಿದರೆ ಮೊದಲು ಪಂಪ್ ನಿಲ್ಲಿಸಿ. ಫೋಮ್ ಕೀಳಬೇಡಿ, ಅದರ ಮೇಲೆಯೇ ಗಟ್ಟಿಯಾಗಿ ಒತ್ತಿ ಹಿಡಿದು ವೈದ್ಯರನ್ನು ಕರೆಯಿರಿ.