ಒಂದೇ ರ್ಯಾಕ್, ಹಲವರು: ಜಿಮ್‌ನಲ್ಲಿ ವಿಶ್ರಾಂತಿಯ ಸಮಯವನ್ನು ಹೊಂದಿಸಿಕೊಳ್ಳುವ ಬಗೆ

ಸ್ಕ್ವಾಟ್ ರ್ಯಾಕ್ (ಭಾರದ ಬಾರನ್ನು ಇಡುವ ಚೌಕಟ್ಟು) ಒಂದೇ ಇರುವ ಜಿಮ್‌ನಲ್ಲಿ, ಅದರ ಪಕ್ಕ ಸುಮ್ಮನೆ ಕುಳಿತವರನ್ನು ಕಂಡರೆ ಸರದಿಗಾಗಿ ಕಾಯುತ್ತಿರುವವರಿಗೆ ಅಸಹನೆಯಾಗುವುದು ಸಹಜ. ಆದರೆ ಆ ಕುಳಿತಿರುವಿಕೆಯೂ ವ್ಯಾಯಾಮದ ಭಾಗವೇ. ಹೆಚ್ಚು ಭಾರ ಎತ್ತುವಾಗ ಸ್ನಾಯುಗಳು ಮೊದಲು ಬಳಸಿಕೊಳ್ಳುವ ಫಾಸ್ಫೋಕ್ರಿಯೇಟಿನ್ ಎಂಬ ಶಕ್ತಿಮೂಲ ಕೆಲವೇ ಸೆಕೆಂಡುಗಳಲ್ಲಿ ಬಹುಪಾಲು ಖರ್ಚಾಗುತ್ತದೆ ಮತ್ತು ಅದು ಮತ್ತೆ ತುಂಬಿಕೊಳ್ಳಲು ಕೆಲವು ನಿಮಿಷಗಳೇ ಬೇಕಾಗುತ್ತವೆ. ಆದ್ದರಿಂದ ಸ್ಕ್ವಾಟ್, ಡೆಡ್‌ಲಿಫ್ಟ್‌ಗಳಂಥ ಭಾರಿ ಸೆಟ್‌ಗಳ (ನಡುವೆ ನಿಲ್ಲದೆ ಮಾಡುವ ಸುತ್ತುಗಳ) ನಡುವೆ 3ರಿಂದ 5 ನಿಮಿಷ, ತೋಳಿನ ಸಣ್ಣ ವ್ಯಾಯಾಮಗಳ ನಡುವೆ 1ರಿಂದ 2 ನಿಮಿಷ ಬಿಡುವುದು ರೂಢಿ. ಕಾಯುತ್ತಿರುವವರ ಮುಖ ನೋಡಿ ಈ ಅವಧಿಯನ್ನು ಮೊಟಕುಗೊಳಿಸಬೇಡಿ. ದಣಿವು ಆರದೆ ಮತ್ತೆ ಬಾರ್ ಹೊತ್ತರೆ ಬೆನ್ನಿನ ಭಂಗಿ ಕೆಡುತ್ತದೆ.

ಆದರೆ ವಿಶ್ರಾಂತಿ ಬೇಕಾಗಿರುವುದು ನಿಮಗೆ, ರ್ಯಾಕ್‌ಗಲ್ಲ. 5 ರೆಪ್‌ಗಳ, ಅಂದರೆ 5 ಸಲ ಎತ್ತಿಳಿಸುವ, ಒಂದು ಸೆಟ್ ಸಾಮಾನ್ಯವಾಗಿ ಅರ್ಧ ನಿಮಿಷದೊಳಗೆ ಮುಗಿಯುವುದರಿಂದ, ನೀವು ದಣಿವಾರಿಸಿಕೊಳ್ಳುವ ಹೊತ್ತಿನಲ್ಲಿ ಇನ್ನೊಬ್ಬರು ಆರಾಮವಾಗಿ ತಮ್ಮ ಸೆಟ್ ಮಾಡಿಕೊಳ್ಳಬಹುದು.

ಕಾಯುತ್ತಿರುವವರು ನೀವಾದರೆ, ಎದುರಿನವರು ಬಾರನ್ನು ರ್ಯಾಕ್‌ಗೆ ಇಟ್ಟು ಉಸಿರು ಸುಧಾರಿಸಿಕೊಂಡ ಮೇಲೆ, “ನಿಮಗೆ ಇನ್ನೆಷ್ಟು ಸೆಟ್ ಇದೆ? ನಡುವೆ ನಾನೂ ಮಾಡಿಕೊಳ್ಳಲೇ?” ಎಂದು ಕೇಳಿ. ಸಂಕೋಚದಿಂದ ದೂರ ನಿಂತು ದಿಟ್ಟಿಸುವುದಕ್ಕಿಂತ ಹೀಗೆ ನೇರವಾಗಿ ಕೇಳುವುದೇ ಹೆಚ್ಚಿನ ಸೌಜನ್ಯವೆಂದು ನಾನು ನಂಬಿದ್ದೇನೆ. ಒಂದೇ ಸೆಟ್ ಉಳಿದಿದ್ದರೆ ಕಾಯುವುದು ಮೇಲು. ಇಬ್ಬರ ಎತ್ತರದಲ್ಲಿ ಬಹಳ ವ್ಯತ್ಯಾಸವಿದ್ದು ಪ್ರತಿ ಸಲವೂ ಬಾರ್ ಇಡುವ ಕೊಕ್ಕೆಗಳನ್ನು ಮೇಲೆ ಕೆಳಗೆ ಮಾಡಬೇಕಾಗುವುದಾದರೂ ಅಷ್ಟೇ.

ಪ್ಲೇಟ್ ಬದಲಿಸುವ ಕೆಲಸಕ್ಕೆ ಮಾತ್ರ ವಿಶೇಷ ಎಚ್ಚರ ಬೇಕು. ಒಬ್ಬರು 100 ಕೆಜಿ, ಇನ್ನೊಬ್ಬರು 60 ಕೆಜಿ ಎತ್ತುತ್ತಾರೆ ಎಂದುಕೊಳ್ಳಿ. ಬಾರ್‌ನದೇ ತೂಕ 20 ಕೆಜಿ; ಎರಡೂ ಬದಿಗೆ 20 ಕೆಜಿಯ ಒಂದೊಂದು ಪ್ಲೇಟ್ ಒಳಗಡೆ ಕಾಯಂ ಇರಲಿ, ಹೊರಗಿನ ಒಂದೊಂದನ್ನು ಮಾತ್ರ ತೆಗೆದು ಹಾಕಿದರೆ ಸಾಕು. ಎರಡು ತುದಿಗಳಲ್ಲಿ ಇಬ್ಬರೂ ನಿಂತು ಒಟ್ಟಿಗೆ ತೆಗೆಯಿರಿ. ಒಬ್ಬರೇ ಇದ್ದಾಗ ಬದಿ ಬದಲಿಸುತ್ತಾ ಒಂದೊಂದೇ ಪ್ಲೇಟ್ ಇಳಿಸಿ, ಏಕೆಂದರೆ ಒಂದು ಬದಿಯನ್ನು ಪೂರ್ತಿ ಖಾಲಿ ಮಾಡಿದರೆ ಬಾರ್ ಭಾರವಿರುವ ಕಡೆಗೆ ಮಗುಚಿ, ಹಗುರಾದ ತುದಿ ಪಕ್ಕದಲ್ಲಿರುವವರ ಮುಖಕ್ಕೆ ಬಡಿಯಬಹುದು. ಪ್ರತಿ ಸೆಟ್‌ಗೆ ಮೊದಲು ಎರಡೂ ಬದಿಯ ಪ್ಲೇಟ್ ಎಣಿಸಿ, ಅವು ಜಾರದಂತೆ ತಡೆಯುವ ಕ್ಲಿಪ್ ಹಾಕಿದೆಯೇ ಎಂದು ನೋಡುವ ಹೊಣೆ ಎತ್ತುವವರದೇ.

ಜನ ಹೆಚ್ಚಿರುವ ಹೊತ್ತಿನಲ್ಲಿ ಸೂಪರ್‌ಸೆಟ್‌ಗೆಂದು (ಎರಡು ವ್ಯಾಯಾಮಗಳನ್ನು ಬೆನ್ನುಬೆನ್ನಿಗೆ ಮಾಡಲೆಂದು) ಎರಡು ಉಪಕರಣಗಳನ್ನು ಹಿಡಿದಿಡಬೇಡಿ. ಬೆಂಚಿನ ಮೇಲೆ ಟವೆಲ್ ಹಾಸಿ, ಎದ್ದಾಗ ಬೆವರು ಒರೆಸಿ. ಮೊಬೈಲ್ ಕೈಯಲ್ಲಿದ್ದರೆ 3 ನಿಮಿಷ ಗೊತ್ತಾಗದಂತೆ 8 ನಿಮಿಷವಾಗುವುದರಿಂದ, ಅದರಲ್ಲಿ ಟೈಮರ್ ಹಾಕಿ ಪಕ್ಕಕ್ಕಿಡಿ. ನಿಮ್ಮ ಕೊನೆಯ ಸೆಟ್ ಮುಗಿದಾಗ, ಜೊತೆಗಿದ್ದವರಿಗೆ ಬೇಕಾದ ಪ್ಲೇಟ್‌ಗಳನ್ನು ಬಾರ್‌ನಲ್ಲೇ ಬಿಟ್ಟು, ಉಳಿದವನ್ನು ಸ್ಟ್ಯಾಂಡಿಗೆ ಮರಳಿಸಿ, “ನನ್ನದು ಮುಗಿಯಿತು” ಎಂದು ಅವರಿಗೆ ಹೇಳಿ ಹೊರಡಿ.