ತುಟಿ ಒಂದು ಕಡೆ, ದನಿ ಒಂದು ಕಡೆ

ಕಲಬುರಗಿಯ ಶರಣಬಸವೇಶ್ವರ ಜಾತ್ರೆಯಲ್ಲಿ ನಮ್ಮ ಮುತ್ಯಾನ ಮಾತನ್ನು ಮೊಬೈಲಿನಲ್ಲಿ ಹಿಡಿದಿದ್ದೆ. 40 ನಿಮಿಷ. ಎಡಿಟಿಂಗ್‌ಗೆ ಹಾಕಿದರೆ ಶುರುವಿನಲ್ಲಿ ಸರಿ ಇತ್ತು. ಕೊನೆಗೆ ಬರುವಷ್ಟರಲ್ಲಿ ತುಟಿಗೂ ದನಿಗೂ ಸಂಬಂಧವೇ ಇಲ್ಲ. ಎರಡು ರಾತ್ರಿ ಸುಮ್ನೆ ಆಡಿಯೊ ಕತ್ತರಿಸಿ ಜರುಗಿಸಿದೆ.

ತೊಂದರೆ ಫೈಲಿನಲ್ಲೇ ಇತ್ತು. ಮೊಬೈಲ್ ಪ್ರತಿ ಸೆಕೆಂಡಿಗೂ ಒಂದೇ ಲೆಕ್ಕದ ಫ್ರೇಮ್ (ವಿಡಿಯೊದ ಬಿಡಿ ಚಿತ್ರ) ತೆಗೆಯುವುದಿಲ್ಲ. ಬೆಳಕು ಕಡಿಮೆಯಾದರೆ ಸಂಖ್ಯೆ ಏರುಪೇರಾಗುತ್ತದೆ. ಎಡಿಟಿಂಗ್‌ನಲ್ಲಿ ಚಿತ್ರ, ದನಿ ಜೋಡಿಸುವ ಪಟ್ಟಿ, ಅಂದರೆ ಟೈಮ್‌ಲೈನ್, ನಡೆಯುವುದು ಮಾತ್ರ ಒಂದೇ ವೇಗದಲ್ಲಿ, ಅಲ್ವಾ?

ಹ್ಯಾಂಡ್‌ಬ್ರೇಕ್ ಎಂಬ ಉಚಿತ ಸಾಫ್ಟ್‌ವೇರ್‌ನಲ್ಲಿ ಫೈಲ್ ತೆರೆದೆ. ವಿಡಿಯೊ ಟ್ಯಾಬ್‌ನಲ್ಲಿ ಫ್ರೇಮ್‌ರೇಟ್ (ಸೆಕೆಂಡಿಗೆ ಎಷ್ಟು ಫ್ರೇಮ್) 30 ಇಟ್ಟು, ಅದು ಏರುಪೇರಾಗದಂತೆ 'ಕಾನ್‌ಸ್ಟಂಟ್' ಆರಿಸಿದೆ. ಗುಣಮಟ್ಟಕ್ಕೆ ಆರ್‌ಎಫ್ ಎಂಬ ಅಳತೆ 18. ಈ ಸಂಖ್ಯೆ ಇಳಿಸಿದಷ್ಟೂ ಚಿತ್ರ ಚೆನ್ನ, ಫೈಲ್ ದೊಡ್ಡದು. ಹೀಗೆ ಹೊರಬಂದ ಹೊಸ ಫೈಲನ್ನು ಟೈಮ್‌ಲೈನ್‌ಗೆ ಹಾಕಿದೆ. ಮುತ್ಯಾನ ಕೊನೆಯ ಮಾತಿನವರೆಗೂ ತುಟಿ, ದನಿ ಜೊತೆಯಾಗೇ ನಡೆದವು.